ಕೆವಿನಾ ಬಗ್ಗಬಾರದ ವಾರಗಳು

ಕೆವಿನಾ ನಮುಯೊಂಬ ಹಾಸಿಗೆಯಿಂದ ಏಳಬೇಕಾದರೆ ಬೆನ್ನು ಕೊಯ್ಸಿಕೊಂಡ ಐದನೆಯ ವಾರದಲ್ಲೂ ಅರ್ಧ ಜಪಮಾಲೆ ಮುಗಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ಮೊದಲು ಮೊಣಕಾಲು ಮಡಿಸಬೇಕು. ಆಮೇಲೆ ಭುಜ, ಸೊಂಟ, ಮೊಣಕಾಲು ಮೂರನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ, ಪಕ್ಕಕ್ಕೆ ಹೊರಳಿಸಬೇಕು. ಕಾಲು ಮಂಚದಿಂದ ಇಳಿಬಿಡುತ್ತ ಅಂಗೈ ಊರಿ ಮೇಲೇಳಬೇಕು. ಎದ್ದು ಕೂತು ಹತ್ತು ಉಸಿರು ಎಣಿಸಬೇಕು. ಕೋಳಿ ಕೂಗುವ ಮೊದಲೇ ಗುದ್ದಲಿ ಹಿಡಿಯುತ್ತಿದ್ದ ಹೆಂಗಸು ಈಗ ತನ್ನ ಮೈಯನ್ನು ಯಾರದೋ ಮನೆಯ ಗಾಜಿನ ಸಾಮಾನಿನಂತೆ ಎತ್ತಿ ಇಡುತ್ತಿದ್ದಳು. ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು.

ಈ ಶುಕ್ರವಾರ ಮಾತ್ರ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮಗಳು ಪ್ರೋಸಿ ಬೆಳಗಿನ ಮೊದಲ ವ್ಯಾನಿಗೇ ಮಸಾಕಾ ಪೇಟೆಗೆ ಹೊರಟಿದ್ದಳು, ಮಕ್ಕಳ ಶಾಲೆಯ ಪುಸ್ತಕ ತರಲು. ಸೋಮವಾರ ಶಾಲೆ ಶುರು. ಐದು ವಾರದಿಂದ ಅವಳು ಮಕ್ಕಳಿಬ್ಬರನ್ನೂ ಗಂಡನ ತಾಯಿಯ ಮಡಿಲಿಗೆ ಹಾಕಿ ಇಲ್ಲಿ ಅಮ್ಮನ ಆರೈಕೆಗೆ ನಿಂತಿದ್ದಳು. ತಾಯಿಗೂ ಮಗಳಿಗೂ ಆದ ಒಪ್ಪಂದ ಇಷ್ಟು: ಇವತ್ತು ಸಂಜೆಯವರೆಗೆ ಕೆವಿನಾ ಒಬ್ಬಳೇ ಎದ್ದು, ಮಿಂದು, ಬೇಯಿಸಿ, ಉಂಡು ತೋರಿಸಿದರೆ ಪ್ರೋಸಿ ಭಾನುವಾರ ಗಂಡನ ಮನೆಗೆ ಹೋಗುತ್ತಾಳೆ. ಆಗದಿದ್ದರೆ ಸೋದರಮಾವನಿಗೆ ಫೋನು. ಅವನು ಬಂದು ಅಕ್ಕನನ್ನು ಮುಬೆಂದೆಯ ತನ್ನ ಮನೆಗೆ ಕರೆದೊಯ್ಯುತ್ತಾನೆ.

ಮುಬೆಂದೆ ಎಂದರೆ ತಮ್ಮನ ಹೆಂಡತಿಯ ಮನೆ. ಅಲ್ಲಿ ಮೂಲೆಯ ಮಂಚ, ಅವರು ಕೊಟ್ಟಾಗ ಊಟ, ಅವರು ಕೇಳಿದರೆ ಮಾತು. ಹೋದವಳು ತಿರುಗಿ ಬರುವುದು ಅನುಮಾನ, ಬರುವಷ್ಟರಲ್ಲಿ ಬಾಳೆ ತೋಟಕ್ಕೆ ಕಳೆ ಏರಿರುತ್ತದೆ, ಅಡಿಗೆಮನೆಗೆ ಗೆದ್ದಲು. ಮಗಳ ಮನೆಗೆ ಹೋಗುವ ಮಾತಂತೂ ಇಲ್ಲವೇ ಇಲ್ಲ. ಅಳಿಯ ಮಲಗುವ ಸೂರಿನಡಿ ಅತ್ತೆ ಮಲಗುವುದುಂಟೆ? ಅತ್ತೆಯಾದವಳು ಅಳಿಯನ ಮುಖ ನೋಡಬಾರದು, ಅವನು ಕೊಟ್ಟದ್ದನ್ನು ಕೈಯಿಂದ ಕೈಗೆ ತೆಗೆದುಕೊಳ್ಳಬಾರದು. ಅಪ್ಪಿತಪ್ಪಿ ಮೈ ಸೋಕಿದರೆ ಇಬ್ಬರಿಗೂ ಬುಕೊ ಎಂಬ ನಡುಕದ ರೋಗ ಹಿಡಿಯುತ್ತದೆ, ಒಮ್ಮೆ ನಡುಗಲು ಶುರುವಾದ ಕೈ ಹೂಳುವ ಗುಂಡಿಗೆ ಇಳಿಯುವವರೆಗೂ ನಿಲ್ಲುವುದಿಲ್ಲ. ಆ ಊರಲ್ಲಿ ಯಾವ ಮುದುಕಿಯ ಕೈ ನಡುಗಿದರೂ ಜನ ಮೊದಲು ನೆನೆಯುವುದು ಅವಳ ಅಳಿಯಂದಿರನ್ನೇ.

ಕೆವಿನಾಳ ಬೆನ್ನು ಹೀಗಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಬುದ್ದು ಸೀಮೆಯ ಹೆಂಗಸಿನ ಬಾಳೆಲ್ಲ ನೆಲದ ಮಟ್ಟದಲ್ಲೇ. ಮೋಟು ಪೊರಕೆ, ಮೂರು ಕಲ್ಲಿನ ಒಲೆ, ಬಟ್ಟೆ ಒಗೆಯುವ ಬೋಗುಣಿ, ಗುದ್ದಲಿ, ಎಲ್ಲಕ್ಕೂ ಸೊಂಟದಿಂದ ಎರಡಾಗಿ ಮಡಿಯಬೇಕು. ಹಿರಿಯರು ಎದುರಾದರೆ ದಾರಿಯಲ್ಲೇ ಮೊಣಕಾಲೂರಿ ನಮಸ್ಕರಿಸಬೇಕು. ಇಷ್ಟು ಸಾಲದೆಂದು ಅವಳು ಊರ ಮದುವೆಗೂ ತಿಥಿಗೂ ದೊಡ್ಡ ಅಡಿಗೆಯವಳು. ಮಟೋಕೆ ಬಾಳೆಕಾಯಿ ಸುಲಿದು, ಎಲೆಯಲ್ಲಿ ಮೂಟೆ ಕಟ್ಟಿ, ಇನ್ನೂರು ಜನರ ಹಂಡೆಯನ್ನು ಒಲೆಗೆ ಏರಿಸಿ ಇಳಿಸುತ್ತಿದ್ದಳು. ಟೊಂಕ ಕಟ್ಟಿ ನಿಂತರೆ ಮೂರು ಗಂಡಾಳಿನ ಕೆಲಸ. ಎರಡು ವರ್ಷದ ಹಿಂದೆ ನೋವು ಪೃಷ್ಠದಿಂದ ಕಾಲಿಗೆ ಇಳಿದಾಗ ಉಡುವ ಗೊಮೆಸಿಯ ನಡುಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಳು, ಅಷ್ಟೇ ಅವಳು ಮಾಡಿಕೊಂಡ ಮದ್ದು. ಬಲಗಾಲಿನ ಹೆಬ್ಬೆರಳು ನೆಲಕ್ಕೆ ಎಳೆಯತೊಡಗಿದ ಮೇಲೆ ಪ್ರೋಸಿ ಕೇಳಲಿಲ್ಲ, ರಾಜಧಾನಿ ಕಂಪಾಲಾದ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರ ಒತ್ತಿದೆ, ಕೊಯ್ದು ಬಿಡಿಸಬೇಕು ಎಂದರು. ಕೊಯ್ದರು.

ಮನೆಗೆ ಕಳಿಸುವ ದಿನ ಅಕೆಲ್ಲೊ ಎಂಬ ಹುಡುಗಿ ಬಂದಳು. ವ್ಯಾಯಾಮ ಕಲಿಸುವವಳು, ಉತ್ತರದ ಕಡೆಯವಳು, ಇನ್ನೂ ಮೂವತ್ತು ದಾಟಿಲ್ಲ. ರೋಗಿಯ ಜೊತೆ ಇನ್ನೊಬ್ಬರು ಕೇಳಿಸಿಕೊಳ್ಳಲೇಬೇಕು ಎಂದು ಹಟ ಹಿಡಿದಳು. ಪ್ರೋಸಿ ಔಷಧದ ಸಾಲಿನಲ್ಲಿ ನಿಂತಿದ್ದಳು, ಇದ್ದವನು ಅವಳ ಗಂಡ ಅಚಿಲಿಯೊ ಕಯೊಂಡೊ ಒಬ್ಬನೇ. ಅವನು ಪರದೆಯ ಆಚೆ ನಿಂತು ಕೆಮ್ಮಿದ. ಅಕೆಲ್ಲೊಳ ಕಡೆಯೂ ಇಂಥ ಕಟ್ಟಳೆ ಇದ್ದಿರಬೇಕು, ಏಕೆ ಏನು ಎಂದು ಕೇಳದೆ ಗಂಟಲು ಏರಿಸಿದಳು. ಬಗ್ಗಬೇಡಿ, ಎತ್ತಬೇಡಿ, ಸೊಂಟ ತಿರುಚಬೇಡಿ. ಏಳುವುದು ಹೀಗೆ, ಕೂರುವುದು ಹೀಗೆ, ಬಿದ್ದರೆ ಹೀಗೆ. ಕಾಲು ಸತ್ತಂತಾದರೆ, ತೊಡೆಯ ಸಂದು ಜೋಮು ಹಿಡಿದರೆ, ಗೊತ್ತಾಗದೆ ಮೂತ್ರ ಹೋದರೆ ಒಂದು ದಿನವೂ ಕಾಯಬೇಡಿ, ಕಾದರೆ ಕಾಲು ಹೋಗುತ್ತದೆ. ಪ್ರತಿ ಮಾತಿಗೂ ಪರದೆಯ ಆಚೆಯಿಂದ "ಆಯ್ತು, ಆಯ್ತು" ಎಂಬ ದನಿ. ಕೆವಿನಾ ನಾಚಿಕೆಯಿಂದ ಮುಖಕ್ಕೆ ಹೊದಿಕೆ ಎಳೆದುಕೊಂಡಿದ್ದಳು. ಊರಿಗೆ ಬರುವಾಗ ಕಯೊಂಡೊ ತನ್ನ ಪಿಕಪ್ಪನ್ನು ಗೆಳೆಯನ ಕೈಗೆ ಕೊಟ್ಟು, ತಾನು ಬಾಡಿಗೆ ಬೈಕಿನ ಹಿಂದೆ ಕೂತು ಅದೇ ಗಾಡಿಯ ಧೂಳು ಕುಡಿಯುತ್ತ ಬಂದ.

ಆಮೇಲೆ ಮನೆಯನ್ನೇ ಮೇಲೆತ್ತಿದರು. ಮಂಚದ ಕಾಲಿಗೆ ಇಟ್ಟಿಗೆ, ಇದ್ದಿಲೊಲೆಗೆ ಹಳೆಯ ಶಾಲೆಯ ಡೆಸ್ಕು, ಪೊರಕೆಗೆ ಉದ್ದನೆಯ ಕೋಲು, ಹಿತ್ತಲ ಪಾಯಖಾನೆಯ ಗುಂಡಿಯ ಮೇಲೆ ಬಡಗಿ ಮಾಡಿಕೊಟ್ಟ ತೂತಿನ ಪೀಠ. ಕೆವಿನಾ ದಿನಾ ನಡೆದಳು, ಮೊದಲು ಹಲಸಿನ ಮರದವರೆಗೆ, ಆಮೇಲೆ ಕಾಫಿ ಗಿಡಗಳವರೆಗೆ. ಊರವರು ನೋಡಲು ಬಂದಾಗ ಮೊಣಕಾಲೂರಲಾರದೆ ನಿಂತೇ ನಮಸ್ಕಾರ ಹೇಳಿದಳು. ಪಕ್ಕದ ಮನೆಯ ಸ್ಪೆಸಿಯೋಜಾ ಬಾವಿಯ ಹತ್ತಿರ ಹೇಳಿದ ಮಾತು ಸಂಜೆಯೊಳಗೆ ಇವಳ ಕಿವಿಗೆ ಬಿತ್ತು: ಕೆವಿನಾ ಕಂಪಾಲಾದಲ್ಲಿ ಕಬ್ಬಿಣ ನುಂಗಿ ಬಂದಿದ್ದಾಳೆ, ಇನ್ನು ಬಿಷಪ್ಪರು ಬಂದರೂ ಬಗ್ಗುವುದಿಲ್ಲ.

ಆ ಸ್ಪೆಸಿಯೋಜಾಳಿಗೇ ಪ್ರೋಸಿ ಈ ಶುಕ್ರವಾರ ಒಂದು ಕಿವಿ ಇಟ್ಟಿರಲು ಹೇಳಿದ್ದಳು. ಆದರೆ ರಾತ್ರಿ ಆಚೆ ಗುಡ್ಡದ ಮುದುಕ ಕಾಲೋಲಿ ತೀರಿಕೊಂಡ. ಸಾವಿನ ದಿನ ಯಾರೂ ಗುದ್ದಲಿ ಮುಟ್ಟುವಂತಿಲ್ಲ, ಮಣ್ಣಿಗೆ ಹೋಗದೆ ಮನೆಯಲ್ಲಿ ಉಳಿಯುವಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಊರು ಖಾಲಿ. ಕೆವಿನಾಳಿಗೆ ಅದರಿಂದ ಖುಷಿಯೇ ಆಯಿತು. ನೋಡುವವರಿಲ್ಲದಿದ್ದರೆ ಕೆಲಸ ನಿರಾಳ ಎಂದುಕೊಂಡಳು.

ಮಿಂದಳು. ಸೀರೆಯಷ್ಟು ಉದ್ದದ ಗೊಮೆಸಿ ಉಟ್ಟು ನಡುಪಟ್ಟಿ ಬಿಗಿಯಲು ಒಬ್ಬಳಿಗೇ ಆಗದೆ ಬರೀ ಲುಂಗಿ ಬಟ್ಟೆಯೊಂದನ್ನು ಎದೆಗೆ ಸುತ್ತಿಕೊಂಡಳು. ನಿಂತೇ ಮಟೋಕೆ ಸುಲಿದಳು, ಎಲೆಯಲ್ಲಿ ಕಟ್ಟಿದಳು, ಒಲೆಗಿಟ್ಟಳು. ಸೊಂಟ ಸುಮ್ಮನಿತ್ತು. ಹನ್ನೊಂದರ ಹೊತ್ತಿಗೆ ಅವಳಿಗೆ ಹಾಡು ಗುನುಗುವಷ್ಟು ಧೈರ್ಯ ಬಂತು. ಅಂಗಳದ ಡ್ರಮ್ಮಿನಿಂದ ಅಗಲ ಬಾಣಲೆಯಲ್ಲಿ ನೀರು ತುಂಬಿಕೊಂಡು ಒಲೆಯ ಕಡೆ ತಿರುಗುವಷ್ಟರಲ್ಲಿ ಬೇಲಿಯ ಆಚೆಯಿಂದ ಗಂಡಸಿನ ದನಿ ಬಂತು.

"ಪ್ರೋಸೀ, ಇದೀಯೇನೇ? ಇದ್ದಿಲು ತಂದಿದೀನಿ."

ಕಯೊಂಡೊ. ಬರುವ ಮೊದಲು ಹೆಂಡತಿಗೆ ಫೋನು ಮಾಡುವುದು ಅವನ ಪದ್ಧತಿ, ಆಗ ಅತ್ತೆ ಒಳಗೆ ಸೇರಿಕೊಳ್ಳುವುದು ಪದ್ಧತಿ. ಇವತ್ತು ಪ್ರೋಸಿಯ ಫೋನು ಸತ್ತಿತ್ತು. ಕೆವಿನಾ ಬಯಲು ಅಂಗಳದಲ್ಲಿ, ಬರಿ ಭುಜದಲ್ಲಿ, ಅಳಿಯನ ಕಣ್ಣು ಬೀಳುವಲ್ಲಿ ನಿಂತಿದ್ದಳು. ಅವಳ ತಲೆ ಯೋಚಿಸುವ ಮೊದಲೇ ಮೈ ಮಾಡಬೇಕಾದದ್ದನ್ನು ಮಾಡಿತು. ಬಾಣಲೆ ಎತ್ತಿಕೊಂಡೇ ಗಕ್ಕನೆ ಸೊಂಟ ತಿರುಚಿ, ಡ್ರಮ್ಮಿನ ಹಿಂದೆ ಬಗ್ಗಿ ಕುಕ್ಕರಿಸಿದಳು. ಮಾಡಬೇಡಿ ಎಂದಿದ್ದ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದಳು.

ಬೆನ್ನಿನೊಳಗೆ ಏನೋ ಹರಿದಂತಾಯಿತು. ಬಲಗಾಲು ಅಡಿಯಿಂದ ಮಾಯವಾಯಿತು. ನೀರು ಮೈಮೇಲೆ ಚೆಲ್ಲಿಕೊಂಡು ಪಕ್ಕಕ್ಕೆ ಬಿದ್ದಳು.

ಕೂಗಲಿಲ್ಲ. ತುಟಿ ಕಚ್ಚಿ ಹಿಡಿದಳು. ಪ್ರೋಸಿ ಪೇಟೆಗೆ ಹೋಗಿದ್ದಾಳೆ, ಚೀಲ ಬೇಲಿ ಹತ್ತಿರವೇ ಇಟ್ಟು ಹೋಗಿ ಎಂದು ಆದಷ್ಟು ನೆಟ್ಟಗಿನ ದನಿಯಲ್ಲಿ ಹೇಳಿದಳು. ಆದರೆ ಆ ಸೀಮೆಯಲ್ಲಿ ಮರ್ಯಾದಸ್ಥ ಅಳಿಯ ಯೋಗಕ್ಷೇಮ ಕೇಳದೆ ಹೋಗುವುದಿಲ್ಲ. ರಾತ್ರಿ ಹೇಗೆ ಕಳೆಯಿತು ಎಂದ, ಚೆನ್ನಾಗಿ ಎಂದಳು. ಮನೆಯಲ್ಲಿ ಎಲ್ಲ ಹೇಗೆ ಎಂದ, ಚೆನ್ನಾಗಿ ಎಂದಳು. ಸೊಂಟ ಹೇಗಿದೆ ಎಂದ. ಕೆಸರಿನಲ್ಲಿ ಕೆನ್ನೆ ಊರಿಕೊಂಡು ಅದೂ ಚೆನ್ನಾಗಿದೆ ಎಂದಳು. ಮಾನ ಎಂಬುದು ಮನುಷ್ಯರ ಕೈಯಲ್ಲಿ ಏನೇನು ಹೇಳಿಸುತ್ತದೋ. ಅವನು ಹೋಗಿಬರುತ್ತೇನೆ ಎಂದು ನಡೆದ.

ಅವಳು ಏಳಲು ನೋಡಿದಳು. ಬಲಗಾಲು ಬೇರೆ ಯಾರದೋ ಕಾಲಿನಂತೆ ಬಿದ್ದಿತ್ತು. ತೊಡೆಯ ನಡುವೆ ಬಟ್ಟೆ ಬೆಚ್ಚಗೆ ಒದ್ದೆಯಾಗಿತ್ತು. ಡ್ರಮ್ಮಿನ ನೀರು ಬಿಸಿಲಿಗೆ ಕಾದಿದ್ದರಿಂದ ಹಾಗೋ, ಅಥವಾ ಆ ಹುಡುಗಿ ಹೇಳಿದ ಹಾಗೋ. ಕಾದರೆ ಕಾಲು ಹೋಗುತ್ತದೆ ಎಂದಿದ್ದಳು. ಕಾಲು ಹೋದರೆ ಮುಬೆಂದೆಯೇ ಗತಿ, ಅದೂ ಹೊತ್ತುಕೊಂಡು ಹೋಗಬೇಕು. ಅತ್ತ ಪಿಕಪ್ಪಿನ ಎಂಜಿನ್ನು ಶುರುವಾಯಿತು. ಅವಳು ಕೂಗಿದಳು, ದನಿ ಎಂಜಿನ್ನಿನಲ್ಲಿ ಮುಳುಗಿತು. ಕೈಗೆ ಸಿಕ್ಕ ಬಾಣಲೆಯನ್ನು ತಿರುಗಿಸಿ ಡ್ರಮ್ಮಿಗೆ ಬಡಿದಳು. ಇನ್ನೊಂದು ಸಲ ಬಡಿದಳು, ಮತ್ತೊಂದು ಸಲ.

ಎಂಜಿನ್ನು ನಿಂತಿತು. ಹೆಜ್ಜೆ ಸದ್ದು ಅಡಿಗೆಮನೆಯ ಮೂಲೆಯವರೆಗೆ ಬಂದು ಅಲ್ಲೇ ತಡೆಯಿತು.

"ಬಿದ್ದಿದೀರಾ ಅಮ್ಮಾ?"

"ಬಿದ್ದಿದೀನಿ."

"ಯಾರನ್ನ ಕರೀಲಿ?"

"ಎಲ್ರೂ ಮಣ್ಣಿಗೆ ಹೋಗಿದಾರೆ."

ಗುಡ್ಡ ಹತ್ತಿ ಹೆಂಗಸರನ್ನು ಕರೆತರಲು ಮುಕ್ಕಾಲು ಗಂಟೆ. ಗೋಡೆಯ ಆಚೆ ಅವನು ಕಾಲು ಬದಲಿಸುವುದು ಕೇಳಿಸುತ್ತಿತ್ತು. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ, "ಮಗ ಕೇಳಬಾರದ್ದನ್ನ ಕೇಳ್ತೀನಿ, ಮನ್ನಿಸ್ಬೇಕು. ಗೊತ್ತಾಗದೇ ಒದ್ದೆ ಆಯ್ತಾ?"

ಕೆವಿನಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಸತ್ತ ಗಂಡನೂ ಅವಳನ್ನು ಇಂಥದ್ದು ಕೇಳಿರಲಿಲ್ಲ. ಅವನು ಎರಡನೆಯ ಸಲ ಕೇಳಲಿಲ್ಲ, ಹೋಗಲೂ ಇಲ್ಲ.

"ಒದ್ದೆ ಇದೆ," ಎಂದಳು ಆಮೇಲೆ. "ನೀರೋ ಇನ್ನೊಂದೋ ತಿಳೀತಿಲ್ಲ."

"ತೊಡೆ ಒಳಗಡೆ ಚಿವುಟ್ಕೊಳ್ಳಿ. ಎರಡೂ ಕಡೆ."

ಎಡಗಡೆ ಚಿವುಟಿದಳು, ನೋವಾಯಿತು. ಬಲಗಡೆ ಚಿವುಟಿದಳು. ಏನೂ ಇಲ್ಲ. ಉಗುರು ಇಳಿಸಿ ತಿರುಚಿ ಚಿವುಟಿದಳು, ಆಗ ಎಲ್ಲೋ ದೂರದಿಂದ ಬಂದಂತೆ ಉರಿ ಬಂತು. ಅಷ್ಟು ಸಂತೋಷದ ನೋವನ್ನು ಅವಳು ಹೆರಿಗೆಯಲ್ಲೂ ಕಂಡಿರಲಿಲ್ಲ.

"ನೋಯತ್ತೆ."

"ಎರಡೂ?"

"ನೋಯತ್ತೆ ಅಂದ್ನಲ್ಲ, ಎರಡೂ."

ಆಚೆ ಅವನು ಉಸಿರು ಬಿಟ್ಟದ್ದು ಈಚೆಗೆ ಕೇಳಿಸಿತು. ಬಲಗಾಲಿನ ಹೆಬ್ಬೆರಳು ಆಡಿಸಿ ಎಂದ, ಅದು ಸ್ವಲ್ಪ ಆಡಿತು. ಹಾಗಿದ್ದರೆ ಏಳಬಹುದು, ಅವಸರ ಬೇಡ ಎಂದ. ಒಳಗಿನಿಂದ ಮರದ ಕುರ್ಚಿ ತಂದು, ಮುಖ ಆಚೆ ತಿರುಗಿಸಿಕೊಂಡೇ ಕಾಲಿನಿಂದ ಅಂಗಳಕ್ಕೆ ದೂಡಿ, ಮತ್ತೆ ಗೋಡೆಯ ಹಿಂದೆ ಹೋದ. ಅಲ್ಲಿಂದ ಆ ಹುಡುಗಿ ಹೇಳಿದ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸತೊಡಗಿದ. ಮೊಣಕಾಲು ಮಡಿಸಿ. ದಿಮ್ಮಿಯ ಹಾಗೆ ಹೊರಳಿ. ಮೊಣಕೈ ಊರಿ. ಅಂಬೆಗಾಲಿಗೆ ಬನ್ನಿ, ಬೆನ್ನು ಮೇಜಿನ ಹಾಗೆ ಸಮ ಇರಲಿ. ನಿಲ್ಲಿ. ಉಸಿರಾಡಿ. ಕುರ್ಚಿಯ ಹತ್ತಿರ ಹೋಗಿ. ಐವತ್ತೇಳು ವರ್ಷದ ಹೆಂಗಸು, ಇನ್ನೂರು ಜನರ ಹಂಡೆ ಇಳಿಸಿದವಳು, ಸ್ವಂತ ಅಂಗಳದಲ್ಲಿ ಅಂಬೆಗಾಲಿಟ್ಟಳು. ಕಣ್ಣೀರು ಮೂಗಿನ ತುದಿಯಿಂದ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ಎರಡೂ ಕೈ ಕುರ್ಚಿಯ ಮೇಲಿಟ್ಟು ಎಡಪಾದ ಮುಂದೆ ಊರಿದಳು. ಮೈಭಾರ ಬಿಟ್ಟದ್ದೇ ತಡ, ಒದ್ದೆ ನೆಲದಲ್ಲಿ ಕುರ್ಚಿ ಜಾರಿತು. ಗದ್ದ ಕುರ್ಚಿಯ ಅಂಚಿಗೆ ಬಡಿದು ರಕ್ತ ಬಂತು. ಎರಡನೆಯ ಸಲವೂ ಜಾರಿತು. ಮೂರನೆಯದಕ್ಕೆ ತೋಳುಗಳಲ್ಲಿ ಶಕ್ತಿ ಉಳಿದಿರಲಿಲ್ಲ.

"ಜಾರ್ತಿದೆ," ಎಂದಳು. "ಆಗಲ್ಲ, ಅಳಿಯಂದಿರೇ."

ಅತ್ತ ದರಿ ಇತ್ತ ಪುಲಿ ಎಂಬುದು ಅವನಿಗೂ ಗೊತ್ತಿತ್ತು. ಆಮೇಲೆ ಅವಳು ಕಂಡದ್ದನ್ನು ಬೇರೆ ಹೊತ್ತಿನಲ್ಲಾಗಿದ್ದರೆ ನಗುತ್ತಿದ್ದಳು. ಎತ್ತಿನಂಥ ಆಳು, ಪಿಕಪ್ಪಿಗೆ ಒಬ್ಬನೇ ಬಾಳೆಗೊನೆ ಹೇರುವವನು, ಬೆನ್ನು ಇತ್ತ ಮಾಡಿಕೊಂಡು, ಪಾದದಿಂದ ನೆಲ ತಡಕುತ್ತ, ಹಿಂದು ಹಿಂದಕ್ಕೆ ನಡೆದು ಅಂಗಳಕ್ಕೆ ಬಂದ. ಕುರ್ಚಿ ತಗುಲಿತು. ಕೈ ಬೆನ್ನ ಹಿಂದೆ ಚಾಚಿ ಅದರ ಒರಗನ್ನು ಹಿಡಿದು, ಮುಖ ಬಾಳೆ ಗಿಡಗಳಿಗೆ ಕೊಟ್ಟು ನಿಂತ.

"ಏಳಿ ಅಮ್ಮಾ. ಇದು ಇನ್ನು ಅಲ್ಲಾಡಲ್ಲ."

ಒಂದೇ ಮರದ ಒಂದು ಕೊನೆ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಇದಕ್ಕೆ ಹಿರಿಯರು ಏನೆನ್ನುತ್ತಿದ್ದರೋ ಕೇಳಲು ಹೊತ್ತಿರಲಿಲ್ಲ. ಎಡಪಾದ ಊರಿದಳು. ಹಲ್ಲು ಕಚ್ಚಿ ಒತ್ತಿದಳು. ಸೊಂಟ ನೆಲ ಬಿಟ್ಟಿತು, ಬಲಗಾಲು ಕುಸಿಯಿತು, ಒದ್ದೆ ಅಂಗೈ ಕುರ್ಚಿಯಿಂದ ಜಾರಿ ಗಾಳಿ ಹಿಡಿಯಿತು, ಮತ್ತೆ ಹಿಡಿದದ್ದು ಅವನ ಮಣಿಕಟ್ಟು.

ಇಬ್ಬರೂ ಕಲ್ಲಾದರು. ಬಿಡಬೇಕಿತ್ತು. ಬಿಟ್ಟರೆ ಬೀಳುತ್ತಾಳೆ, ಈ ಸಲ ಬಿದ್ದರೆ ಎದ್ದಂತೆಯೇ. ಅವನು ಕೈ ಕೊಸರಲಿಲ್ಲ, ತಿರುಗಿಯೂ ನೋಡಲಿಲ್ಲ. ಮಣಿಕಟ್ಟನ್ನು ಕಂಬದ ಹಾಗೆ ಬಿಗಿಹಿಡಿದು ನಿಂತ. ಕೆವಿನಾ ಬಿಡಲಿಲ್ಲ. ಅದರ ಮೇಲೆ ಪೂರಾ ಭಾರ ಹಾಕಿ ಎದ್ದು ನಿಂತಳು.

ನಿಂತ ಮೇಲೆ ಮೊದಲು ಕೈ ತೆಗೆದಳು. ಅವನು ನೆಟ್ಟಗೆ ಮುಂದಕ್ಕೆ ನಡೆದು ಗೋಡೆಯ ಹಿಂದೆ ಸೇರಿಕೊಂಡ. ಹತ್ತು ಹೆಜ್ಜೆ ನಡೆಯಿರಿ, ಸದ್ದು ಕೇಳುತ್ತೇನೆ ಎಂದ. ನಡೆದಳು. ಬಲಗಾಲು ಎಳೆಯುತ್ತಿದೆಯಲ್ಲ ಎಂದ. ಇಲ್ಲ, ಚಪ್ಪಲಿ ಕಳಚಿದೆ ಎಂದಳು. ಚಪ್ಪಲಿ ಮೆಟ್ಟಿ ಮತ್ತೆ ಹತ್ತು ಹೆಜ್ಜೆ. ಕಾಲಿಗೆ ಜೀವ ಬರುತ್ತಿತ್ತು.

"ನಾನು ಬಾಳೆ ಗಿಡ ಬಿಟ್ರೆ ಬೇರೇನೂ ನೋಡಿಲ್ಲ ಅಮ್ಮಾ," ಎಂದು ಹೇಳಿ ಹೋದ. ಆದರೆ ಪಿಕಪ್ಪು ಬೇಲಿಯ ಆಚೆಯೇ ನಿಂತಿತ್ತು. ಮಧ್ಯಾಹ್ನ ಜನ ಮಣ್ಣಿನಿಂದ ಹಿಂದಿರುಗಿ ಸ್ಪೆಸಿಯೋಜಾಳ ಬಾಯಿ ಪಕ್ಕದ ಮನೆಯಲ್ಲಿ ಕೇಳಿಸಿದ ಮೇಲೆಯೇ ಅದು ಹೊರಟಿತು.

ಕೆವಿನಾ ಮಂಚದ ಮೇಲೆ ಮಲಗಿ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೆದರಿಕೆ ಇದ್ದೇ ಇತ್ತು, ಸುಳ್ಳೇಕೆ ಹೇಳಬೇಕು. ತನಗಿಂತ ಹೆಚ್ಚಾಗಿ ಅವನ ಕೈ ನೆನೆದು ಹೆದರಿದಳು, ಸ್ಟಿಯರಿಂಗ್ ಹಿಡಿಯುವ ಕೈ ಅದು. ಆದರೂ ಹಿಡಿಯಬಾರದಿತ್ತು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಆಮೇಲೆ ದಿಮ್ಮಿಯಂತೆ ಹೊರಳಿ ಎದ್ದು, ಅಂಗಳದ ಕೆಸರಿಗೆ ಬೂದಿ ಚೆಲ್ಲಿ, ಬೇರೆ ಬಟ್ಟೆ ಸುತ್ತಿಕೊಂಡು, ಒದ್ದೆಯದನ್ನು ನಿಂತೇ ಒಗೆದು ಹರವಿದಳು. ಮಟೋಕೆ ಬೆಂದಿತ್ತು. ಸಂಜೆ ಅವಳು ತಟ್ಟೆ ಹಿಡಿದು ಉಣ್ಣಲು ಕೂತಾಗ ಎಲ್ಲವೂ ಒಪ್ಪಂದದ ಪ್ರಕಾರ ನಡೆದ ಮನೆಯಂತೆಯೇ ಕಾಣುತ್ತಿತ್ತು.

ಪ್ರೋಸಿ ಚೀಲ ಹೊತ್ತು ನಗುತ್ತಲೇ ಬಂದಳು. ಪೇಟೆಯಲ್ಲಿ ಫೋನಿಗೆ ಜೀವ ತುಂಬಿಸಿಕೊಂಡ ಕೂಡಲೇ ಗಂಡನ ಕರೆ ಬಂದಿತ್ತು. ಅಮ್ಮ ಗಟ್ಟಿಮುಟ್ಟಾಗಿದ್ದಾರೆ, ಬೇಲಿಯಾಚೆಯಿಂದ ಮಾತಾಡಿಸಿದೆ, ಒಬ್ಬರೇ ಎಲ್ಲ ಮಾಡಿಕೊಂಡರು ಎಂದನಂತೆ. ಅವಳು ಒಲೆಯ ಮೇಲಿನ ಮೂಟೆ ಮುಟ್ಟಿ ನೋಡಿದಳು, ಒಗೆದು ಹರವಿದ ಬಟ್ಟೆ ನೋಡಿದಳು. ಗದ್ದಕ್ಕೆ ಏನಾಯಿತು ಎಂದಳು. ಕಾಯಿ ಸುಲಿಯುವಾಗ ಚಾಕು ತಾಗಿತು ಎಂಬ ಉತ್ತರ ಕೆವಿನಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅಲ್ಲಿಗೆ ಗೆದ್ದಂತೆ. ಅಳಿಯ ಪ್ರಾಣ ಹೋದರೂ ಬಾಯಿ ಬಿಡುವವನಲ್ಲ. ಮನೆ ಅವಳದು, ಒಲೆ ಅವಳದು, ಮುಬೆಂದೆ ಇನ್ನಿಲ್ಲ.

"ಬಿದ್ದೆ," ಎಂದಳು. "ನಿನ್ನ ಗಂಡನ ಕೈ ಹಿಡ್ಕೊಂಡು ಎದ್ದೆ."

ಪ್ರೋಸಿ ಚೀಲ ಕೆಳಗಿಟ್ಟಳು. ತಾಯಿಯ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ತಟ್ಟೆ ಹಿಡಿದಿದ್ದ ಆ ಕೈ ಹೇಗಿರಬೇಕೋ ಹಾಗೇ ಇತ್ತು. ಕೇಳಿದಳು, "ಅವರು ಹೇಳ್ಲಿಲ್ಲವಲ್ಲ. ನೀನೂ ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕ್ ಹೇಳ್ದೆ?"

"ಭಾನುವಾರ ನೀನು ಹೋಗಿ, ಸೋಮವಾರ ನಾನು ಬಿದ್ರೆ, ಬಾಣಲೆ ಬಡಿದು ಯಾರನ್ನ ಕರೀಲಿ?"

"ಹಾಗಾದ್ರೆ ಸೋದರಮಾವನಿಗೆ..."

"ಬೇಡ." ಕೆವಿನಾ ತಟ್ಟೆ ಪಕ್ಕಕ್ಕಿಟ್ಟಳು. ಗಂಡ ಸತ್ತಾಗ ಅತ್ತಿಗೆಯರು ತಿಂಗಳು ಇರುತ್ತೇವೆಂದಾಗ ಬೇಡ ಎಂದು ಕಳಿಸಿದವಳು, ಆಸ್ಪತ್ರೆಯ ತಳ್ಳುಗಾಡಿಯ ಮೇಲೂ ನೀನು ಹೋಗು ಎಂದು ಮಗಳನ್ನು ದೂಡಿದವಳು. ಈಗ ಆಡಬೇಕಾದ ಮಾತು ಅವಳಿಗೆ ಅಂಬೆಗಾಲಿಗಿಂತ ಕಷ್ಟವಾಯಿತು. "ಇನ್ನೆರಡು ವಾರ ಇರ್ತೀಯಾ, ಪ್ರೋಸಿ? ನಂಗೆ ಒಬ್ಬಳಿಗೇ ಆಗ್ತಿಲ್ಲ."

ಪ್ರೋಸಿ ತಾಯಿಯ ಎದುರು ಮೊಣಕಾಲೂರಿ ಕೂತು, ನಡುಗದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಆಮೇಲೆ ಎದ್ದು ಹೋಗಿ ಗಂಡನಿಗೆ ಫೋನು ಮಾಡಿ, ಮಕ್ಕಳ ಪುಸ್ತಕ ಬೇಲಿಯ ಹತ್ತಿರ ಇಟ್ಟಿರುತ್ತೇನೆ, ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿದಳು.